ಮೆಟ್ಟಿಲಪ್ಪ ಮತ್ತು ಬೆರಳಗಲದ ಸಂದಿ

ಯಾರ ಮನೆಗೆ ಹೋದರೂ ಮೆಟ್ಟಿಲಪ್ಪ ಮೊದಲು ಮಾತಾಡಿಸುತ್ತಿದ್ದುದು ಮನೆಯವರನ್ನಲ್ಲ, ಮನೆಯ ಮೆಟ್ಟಿಲನ್ನು. ಬಾಗಿಲು ತೆಗೆದವರು ‘ಬನ್ನಿ, ಬನ್ನಿ’ ಎನ್ನುತ್ತ ಹಲ್ಲು ಬಿಟ್ಟುಕೊಂಡು ನಿಂತೇ ಇರುತ್ತಿದ್ದರು. ಈತ ಮೆಟ್ಟಿಲ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಕತ್ತು ತಿರುಚಿ ಅದರ ಹೊಟ್ಟೆಯಡಿ ನೋಡಿ, ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಕಿವಿಯಿಟ್ಟು ಕೇಳಿ, ‘ಹೂಂ’ ಎಂದೋ ‘ಉಹೂಂ’ ಎಂದೋ ತೀರ್ಪು ಕೊಟ್ಟ ಮೇಲೆಯೇ ಚಪ್ಪಲಿ ಬಿಡುತ್ತಿದ್ದ. ‘ಉಹೂಂ’ ಎಂದ ಮನೆಯಲ್ಲಿ ಮಹಡಿ ಹತ್ತುತ್ತಿರಲಿಲ್ಲ. ಒಮ್ಮೆ ಹೆಂಡತಿಯ ಸೋದರಮಾವ ಮಹಡಿಯ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಾಗ ನೋಡಲು ಹೋದವನು, ಕೆಳಗೇ ನಿಂತು ಗಂಟಲು ಹರಿಯುವಂತೆ ಕೂಗಿ ಯೋಗಕ್ಷೇಮ ವಿಚಾರಿಸಿ, ಕೆಳಗಿನಿಂದಲೇ ಕೈಮುಗಿದು ಬಂದಿದ್ದ.

“ಅವರಿಗಿಂತ ಆ ಮೆಟ್ಟಿಲಿಗೇ ಔಷಧಿ ಬೇಕಾಗಿತ್ತು ಕಣೆ” ಎಂದು ದಾರಿಯುದ್ದಕ್ಕೂ ಹೇಳಿದ.

“ನಿಮಗೆ ಬೇಕಾಗಿರೋದನ್ನ ನಾನು ಹೇಳಲಾ?” ಎಂದಳು ಹೆಂಡತಿ.

ಅವನಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಅದು ಯಾವ ಪೆಟ್ಟಿಗೆಯ ಯಾವ ತಳದಲ್ಲಿ ಉಳಿದುಹೋಯಿತೋ ಗೊತ್ತಿಲ್ಲ. ಕೆಲಸದ ಅಂಗಳದಲ್ಲೂ, ಬೀದಿಯಲ್ಲೂ, ಕೊನೆಗೆ ಹೆಂಡತಿಯ ಕೋಪದ ಹೊತ್ತಿನಲ್ಲೂ ಅವನು ಮೆಟ್ಟಿಲಪ್ಪನೇ. ಮೂವತ್ತು ವರ್ಷಗಳಿಂದ ಅವನು ಮಾಡಿಕೊಂಡು ಬಂದ ಕೆಲಸ ಒಂದೇ, ಕಾಂಕ್ರೀಟಿನ ಮೆಟ್ಟಿಲುಗಳನ್ನು ಅಚ್ಚಿನಲ್ಲಿ ಎರೆಯುವುದು. ಮನೆ ಕಟ್ಟುವ ಜಾಗದಲ್ಲಿ ಹಲಗೆ ಬಡಿದು, ಸರಳು ಕಟ್ಟಿ, ಅಲ್ಲೇ ಎರೆಯುವ ಮೆಟ್ಟಿಲನ್ನು ಅವನು ಮೆಟ್ಟಿಲೆಂದು ಒಪ್ಪುತ್ತಲೇ ಇರಲಿಲ್ಲ. “ಅದು ಬೀದಿಯಲ್ಲಿ ಹೆತ್ತ ಹಾಗೆ” ಎನ್ನುತ್ತಿದ್ದ. ಅವನ ಮೆಟ್ಟಿಲುಗಳು ಹುಟ್ಟುತ್ತಿದ್ದುದು ನೆರಳಿನಲ್ಲಿ, ಎಣ್ಣೆ ಸವರಿದ ಉಕ್ಕಿನ ತೊಟ್ಟಿಲಲ್ಲಿ, ಅದೂ ತಲೆಕೆಳಗಾಗಿ. ನಾವು ತುಳಿಯುವ ಭಾಗ ಅಚ್ಚಿನ ತಳದಲ್ಲಿ ಮುಖ ಮುಚ್ಚಿಕೊಂಡಿರುತ್ತದೆ. ನಾಳೆ ಕೆಳಗೆ ಹೋಗಬೇಕಾದ ಹೊಟ್ಟೆ ಇವತ್ತು ಮೇಲಿರುತ್ತದೆ. ಆ ಹೊಟ್ಟೆಯನ್ನು ಮೆಟ್ಟಿಲಪ್ಪ ಕರಣೆಯಿಂದ ಕನ್ನಡಿಯಂತೆ ನುಣ್ಣಗೆ ಮಾಡಿ, ಕೊನೆಯಲ್ಲಿ ಮಣಿಕಟ್ಟನ್ನು ಹೀಗೆ ತಿರುಗಿಸಿ ಬೀಸಣಿಗೆಯಂಥ ಒಂದು ಗೀರು ಎಳೆಯುತ್ತಿದ್ದ. ಆ ಬೀಸು ಅವನ ಸಹಿ. ಮೆಟ್ಟಿಲ ಹೊಟ್ಟೆಯನ್ನು ಜಗತ್ತಿನಲ್ಲಿ ಯಾರೂ ನೋಡುವುದಿಲ್ಲ ಎಂಬುದು ಅವನ ಕೀರ್ತಿಗೆ ಸ್ವಲ್ಪ ಅಡ್ಡಿಯಾಗಿತ್ತು, ಅಷ್ಟೇ.

ಎರೆದದ್ದು ಗಟ್ಟಿಯಾದ ಮೇಲೆ ಕ್ರೇನು ಬಂದು ಕೂಸನ್ನು ಎತ್ತಿ, ಮಗುಚಿ, ಲಾರಿಗೆ ಹಾಕಿ ಒಯ್ಯುತ್ತಿತ್ತು. ಅಲ್ಲಿಂದಾಚೆ ಅದನ್ನು ಕಟ್ಟಡದಲ್ಲಿ ಕೂರಿಸುವುದು ಬೇರೆ ಗುಂಪಿನ ಕೆಲಸ. ಆ ಗುಂಪಿನ ಬಗ್ಗೆ ಮೆಟ್ಟಿಲಪ್ಪನ ಅಭಿಪ್ರಾಯ, ಮಗಳನ್ನು ಕೊಟ್ಟ ತಂದೆಗೆ ಬೀಗರ ಮನೆಯ ಬಗ್ಗೆ ಇರುವ ಅಭಿಪ್ರಾಯವೇ. ಅವನು ಒಮ್ಮೆಯೂ ಅವರ ಕೆಲಸ ನೋಡಲು ಹೋಗಿರಲಿಲ್ಲ. “ಹುಟ್ಟಿಸೋದು ವಿದ್ಯೆ. ಕೂರಿಸೋದೇನು, ಮೂಟೆ ಇಳಿಸಿದ ಹಾಗೆ!”

ಆ ಮೂಟೆ ಇಳಿಸುವ ಗುಂಪಿನ ಯಜಮಾನ ಬೇರೆ ಯಾರೂ ಅಲ್ಲ, ಮೆಟ್ಟಿಲಪ್ಪನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಬಹಳ ಹಿಂದೆ ಒಮ್ಮೆ ಮೆಟ್ಟಿಲಪ್ಪ ಬಲಕ್ಕೆ ತಿರುಗಬೇಕಾದ ಮೆಟ್ಟಿಲನ್ನು ಎಡಕ್ಕೆ ತಿರುಗುವಂತೆ ಎರೆದುಬಿಟ್ಟಿದ್ದ. ಬೇರೆ ಯಾರಾದರೂ ಆಗಿದ್ದರೆ ಬಂದು ಕಿವಿಯಲ್ಲಿ ಹೇಳುತ್ತಿದ್ದರು. ಷಡ್ಡಕ ಅದನ್ನು ಕ್ರೇನಿನ ಕೊಕ್ಕೆಗೆ ಸಿಕ್ಕಿಸಿ, ಅಂಗಳದ ನಡುಮಧ್ಯೆ ಆಕಾಶಕ್ಕೆ ಏರಿಸಿ, ಅಲ್ಲೇ ಬಿಟ್ಟು ಊಟಕ್ಕೆ ಹೋದ. ಊಟದ ಹೊತ್ತು ಮುಗಿಯುವವರೆಗೂ ಆ ಎಡಚ ಮೆಟ್ಟಿಲು ಗಾಳಿಗೆ ನಿಧಾನವಾಗಿ ಸುತ್ತುತ್ತ, ನಾಲ್ಕು ದಿಕ್ಕಿಗೂ ತನ್ನನ್ನು ತೋರಿಸಿಕೊಂಡಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹೇಳುವುದಿದ್ದರೆ ಹೆಂಡತಿಯರ ಮೂಲಕ, ಬೈಯುವುದಿದ್ದರೂ ಅವರ ಮೂಲಕವೇ.

ಹೀಗಿದ್ದೂ ಇಬ್ಬರೂ ಒಂದೇ ಕಟ್ಟಡದಲ್ಲಿ ಮನೆ ಮಾಡಿದರು. ಅಕ್ಕತಂಗಿಯರು ಹಟ ಹಿಡಿದರೆ ಕ್ರೇನೂ ಬಗ್ಗುತ್ತದೆ. ನಾಲ್ಕು ಮಹಡಿಯ, ಲಿಫ್ಟಿಲ್ಲದ ಕಟ್ಟಡ. ಮಹಡಿಯಿಂದ ಮಹಡಿಗೆ ಒಂದೊಂದು ನೇರ ಮೆಟ್ಟಿಲ ಸಾಲು, ಎಲ್ಲವೂ ಮೆಟ್ಟಿಲಪ್ಪನ ಕೈಯಲ್ಲಿ ಹುಟ್ಟಿ ಷಡ್ಡಕನ ಕೈಯಲ್ಲಿ ಕೂತದ್ದು. ತನ್ನ ಸಂತಾನವನ್ನು ದಿನಾ ಪೂರ್ತಿ ಹತ್ತಿ ಇಳಿಯುವ ಸುಖಕ್ಕಾಗಿ ಮೆಟ್ಟಿಲಪ್ಪ ತುತ್ತತುದಿಯ ಮನೆ ತೆಗೆದುಕೊಂಡ. “ಅವನು ಎರೆದದ್ದನ್ನ ಹತ್ತೋ ಕರ್ಮ ನನಗ್ಯಾಕೆ” ಎಂದು ಷಡ್ಡಕ ನೆಲಮಟ್ಟದ ಮನೆ ತೆಗೆದುಕೊಂಡ. ಮೆಟ್ಟಿಲ ಬುಡದಲ್ಲೇ ವಾಸವಿದ್ದೂ ಅವನು ಒಂದು ದಿನವೂ ಮೇಲೆ ಹತ್ತಲಿಲ್ಲ, ಅದರ ಕಡೆ ಕಣ್ಣೆತ್ತಿ ನೋಡಲೂ ಇಲ್ಲ.

ಎಲ್ಲ ಸುಖವಾಗಿಯೇ ನಡೆದಿತ್ತು. ಒಂದು ಬೆಳಿಗ್ಗೆ ಹೆಂಡತಿ ಮನೆಯ ಮುಂದಿನ ಮೆಟ್ಟಿಲು ಗುಡಿಸಿಕೊಂಡು ಮೂರನೇ ಮಹಡಿಯವರೆಗೂ ಇಳಿದಳು. ಮೆಟ್ಟಿಲ ಸಾಲು ಮಹಡಿಯ ನೆಲಕ್ಕೆ ಬಂದು ಕೂರುವ ಕಡೆ, ಎರಡರ ನಡುವೆ, ಬೆರಳು ತೂರುವಷ್ಟು ಅಗಲದ ಒಂದು ಸಂದಿ. ಅದರಲ್ಲಿ ಪೊರಕೆಯ ಕಡ್ಡಿ ಸಿಕ್ಕಿಕೊಂಡಿತು. ಎಳೆದಳು, ಮುರಿಯಿತು.

“ರೀ, ನಿಮ್ಮ ಮುದ್ದಿನ ಮೆಟ್ಟಿಲಿಗೆ ಹಲ್ಲು ಸಂದಿ ಇದೆ” ಎಂದು ಕೂಗಿದಳು.

ಅವಳು ನಗೆಗೆ ಅಂದದ್ದು. ಮೆಟ್ಟಿಲಪ್ಪನಿಗೆ ಮಾತ್ರ ಅದು ನೇರ ಎದೆಗೆ ಬಂದು ನಾಟಿತು. ಹೋಗಿ ನೋಡುತ್ತಾನೆ, ಹೊಟ್ಟೆಯನ್ನೇ ನೋಡುವ ಅವನ ಕಣ್ಣಿಗೆ ಇಷ್ಟು ದಿನ ಕಾಣದಿದ್ದದ್ದು, ಪ್ರತಿ ಸಾಲಿನ ಬುಡದಲ್ಲೂ ಅಂಥದೇ ಸಂದಿ! ಒಳಗೆ ಯಾವುದೋ ಮೆತ್ತನೆಯ ಕಪ್ಪು ಪಟ್ಟಿ, ಅದರ ಮೇಲೆ ಧೂಳು, ಕೂದಲು, ಯಾರೋ ಉಗಿದ ಹಣ್ಣಿನ ಬೀಜ. ಹುಟ್ಟಿಸಿದ ಅಪ್ಪನ ರಕ್ತ ಕುದಿಯದೆ ಇರುತ್ತದೆಯೇ? ಷಡ್ಡಕನ ಸೋಮಾರಿತನ ಕಣ್ಣಿಗೆ ಕಟ್ಟಿದಂತಾಯಿತು. ಊಟಕ್ಕೆ ಹೋಗುವ ಆತುರದಲ್ಲಿ ಸಂದಿ ಮುಚ್ಚದೆ ಬಿಟ್ಟು ಹೋಗಿದ್ದಾನೆ!

ಮೆಟ್ಟಿಲಪ್ಪ ಯಾರಿಗೂ ಹೇಳಲಿಲ್ಲ. ಅಂಗಳದಲ್ಲಿ ಕಲ್ಲಿಗಿಂತ ಗಟ್ಟಿಯಾಗುವ ಒಂದು ಗಾರೆಪುಡಿ ಇತ್ತು, ಅದನ್ನು ದಿನಾ ಊಟದ ಡಬ್ಬಿಯಲ್ಲಿ ತುಂಬಿಕೊಂಡು ಬಂದ. ರಜೆಯ ಮಧ್ಯಾಹ್ನಗಳಲ್ಲಿ, ಕಟ್ಟಡವೆಲ್ಲ ಉಂಡು ಗೊರಕೆ ಹೊಡೆಯುವಾಗ, ಒಂದೊಂದೇ ಸಾಲಿನ ಬುಡದಲ್ಲಿ ಬಗ್ಗಿ ಕುಳಿತು ಕಪ್ಪು ಪಟ್ಟಿಯನ್ನು ಕಿತ್ತೆಸೆದು, ಸಂದಿಗೆ ಗಾರೆ ತುಂಬಿ, ನುಣ್ಣಗೆ ತೀಡಿದ. ತೀಡಿ ಮುಗಿದ ಮೇಲೆ ಕೈ ಸುಮ್ಮನಿರಲಿಲ್ಲ. ಮಣಿಕಟ್ಟು ತಾನಾಗಿ ತಿರುಗಿ ಆ ಬೀಸು ಎಳೆದುಬಿಟ್ಟಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಸಹಿ ಜನ ಓಡಾಡುವ ಕಡೆ ಬಿತ್ತು.

ಅದಾದ ಸ್ವಲ್ಪ ದಿನಕ್ಕೇ ಮೆಟ್ಟಿಲು ನರಳಲು ಶುರುಮಾಡಿತು.

ಇಳಿಹೊತ್ತಿನಲ್ಲಿ, ಗಾಜಿನ ದೊಡ್ಡ ಕಿಟಕಿಯಿಂದ ಬಿಸಿಲು ಬಂದು ಮೆಟ್ಟಿಲ ಮೇಲೆ ಕಾಲು ಚಾಚುವ ವೇಳೆಗೆ, ಕೆಳಗಿನಿಂದ ಒಂದು ಸ್ವರ ಏಳುತ್ತಿತ್ತು. ಮೊದಲು ಹೊಟ್ಟೆನೋವಿನವನ ಹಾಗೆ ‘ಊಂ…’, ಆಮೇಲೆ ಬಾಗಿಲ ಕೀಲಿನ ಹಾಗೆ ‘ಕೀಂ…’, ಕೊನೆಗೆ ಯಾರೋ ನೆಟಿಕೆ ಮುರಿದಂತೆ ‘ಟಕ್!’ ಒಂದು ಮಹಡಿ ಶುರುಮಾಡಿದರೆ ಮೇಲಿನದು ತಾಳ ಹಾಕುತ್ತಿತ್ತು. ಎರಡನೇ ಮಹಡಿಯ ನಿವೃತ್ತ ಬ್ಯಾಂಡ್ ಮಾಸ್ತರರು ಕಿವಿಗೆ ಕೈಹಚ್ಚಿ ಕೇಳಿ, “ಕೆಳಗಿನದು ಮಂದ್ರದಲ್ಲಿ ಹಿಡಿದಿದೆ, ಮೂರನೇದು ಅಪಸ್ವರ” ಎಂದು ತೀರ್ಮಾನಿಸಿದರು.

ಜನ ಹೆದರಿದರು. ಹೆದರಿದ ಜನರಿಗೆ ಒಬ್ಬ ನಾಯಕ ಬೇಕು. ಅವರಿಗೆ ಸಿಕ್ಕವರು ನಿವಾಸಿಗಳ ಸಂಘದ ಅಧ್ಯಕ್ಷರು, ವೃತ್ತಿಯಿಂದ ಹಲ್ಲಿನ ಡಾಕ್ಟರು. ಕಟ್ಟಡದಲ್ಲಿ ನಡೆದ ಒಳ್ಳೆಯ ಕೆಲಸ ಯಾವುದೇ ಇರಲಿ, ಅದು ತಮ್ಮ ಸೂಚನೆಯ ಮೇರೆಗೇ ನಡೆದದ್ದೆಂದು ಹೇಳದೆ ಬಿಟ್ಟವರಲ್ಲ. ಬಂದ ಮಳೆಯನ್ನೂ ಒಮ್ಮೆ ತಮ್ಮ ಲೆಕ್ಕಕ್ಕೆ ಹಾಕಿಕೊಂಡಿದ್ದರು. ಅವರು ಚಿಕ್ಕ ಕನ್ನಡಿಯೊಂದನ್ನು ಮೆಟ್ಟಿಲಡಿ ಹಿಡಿದು ಪರೀಕ್ಷಿಸಿ, “ನೋವಿರೋದು ಬೇರಿನಲ್ಲಿ. ಪೂರ್ತಿ ಸಾಲು ಕಿತ್ತು ಹೊಸದು ಕಟ್ಟಿಸೋದೇ ಮೇಲು” ಎಂದು ಘೋಷಿಸಿದರು. ಅಲ್ಲಿಯವರೆಗೆ ಒಬ್ಬೊಬ್ಬರೇ ಹತ್ತಬೇಕು, ಹತ್ತುವಾಗ ಕೆಮ್ಮಬಾರದು, ಜಗಳವಾಡಿದ ಗಂಡಹೆಂಡಿರು ಕಾಲು ಅಪ್ಪಳಿಸಿಕೊಂಡು ಇಳಿಯಬಾರದು ಎಂದು ಆಜ್ಞೆಯಾಯಿತು. ಸೈನಿಕರ ಹಾಗೆ ಒಂದೇ ಲಯದಲ್ಲಿ ಹೆಜ್ಜೆ ಇಟ್ಟರೆ ಅಪಾಯವೆಂದು ಬ್ಯಾಂಡ್ ಮಾಸ್ತರರು ಸೀಟಿ ಹಿಡಿದು ನಿಂತು, ಜನರಿಗೆ ತಾಳ ತಪ್ಪಿ ನಡೆಯುವುದನ್ನು ಕಲಿಸಿದರು. ಜೀವಮಾನವಿಡೀ ತಾಳ ತಪ್ಪಿದವರನ್ನು ಬೈದವರು ಅವರು. “ತಪ್ಪಿ! ಇನ್ನೂ ತಪ್ಪಿ! ಭೇಷ್!” ಎನ್ನುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು.

ಇದೆಲ್ಲವನ್ನೂ ಮೆಟ್ಟಿಲಪ್ಪ ಸಹಿಸಿಯಾನು. ಸಹಿಸಲಾಗದ್ದು ನಡೆದದ್ದು ಒಂದು ಸಂಜೆ. ಪೇಟೆಗೆ ಹೋಗಿದ್ದ ಹೆಂಡತಿ ಚೀಲ ಹಿಡಿದು ಬಂದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಅದು ‘ಊಂ’ ಎಂದಿತು. ಅವಳು ಕಾಲು ಹಿಂದಕ್ಕೆ ತೆಗೆದಳು. ಮೇಲಿನಿಂದ ಗಂಡ ಕಟಕಟೆಗೆ ಬಗ್ಗಿ, “ಬಾರೆ, ಏನೂ ಆಗಲ್ಲ” ಎಂದ.

“ಇದಕ್ಕೆ ನೀವೇನು ಮಾಡಿದ್ರಿ?”

“ನಾನಾ? ನಾನೇನು ಮಾಡ್ಲಿ? ನಾನೇನೂ ಮಾಡಿಲ್ಲ.”

“ರಜಾ ಮಧ್ಯಾಹ್ನ ಎಲ್ಲ ನೀವು ಹಾಸಿಗೆ ಮೇಲೆ ಇರ್ಲಿಲ್ಲ. ಅದಾದ ಮೇಲೇ ಇದು ಬಾಯಿ ಬಿಟ್ಟಿದ್ದು.”

“ಗಾಳಿಗೆ ಹೋಗಿದ್ದೆ ಕಣೆ.”

“ಸರಿ. ನೀವೇನು ಮಾಡಿದ್ರಿ ಅಂತ ನಿಮ್ಮ ಬಾಯಲ್ಲೇ ಬರೋ ತನಕ ನಾನು ಈ ಮೆಟ್ಟಿಲು ಹತ್ತಲ್ಲ” ಎಂದು ಚೀಲದ ಸಮೇತ ತಿರುಗಿ ಅಕ್ಕನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲ ಹಿಂದೆ ಷಡ್ಡಕ ನಗುತ್ತಿರಬಹುದೆಂಬ ಯೋಚನೆ ಮೆಟ್ಟಿಲಪ್ಪನನ್ನು ನಾಲ್ಕನೇ ಮಹಡಿಯಲ್ಲಿ ನಿಂತಲ್ಲೇ ಅರೆಯಿತು.

ಹೇಳಿಬಿಡಬಹುದಿತ್ತಲ್ಲ, ಎನ್ನುವಿರಿ. ಹೇಗೆ ಹೇಳುವುದು? ಸಂದಿ ಮುಚ್ಚಿದ್ದು ತಪ್ಪೆಂದು ಅವನಿಗೆ ಅನ್ನಿಸಿಯೇ ಇರಲಿಲ್ಲ. ತೂತು ಮುಚ್ಚಿದರೆ ಯಾವ ಪಾತ್ರೆ ಸೋರುತ್ತದೆ? ಆದರೆ ಮನಸ್ಸಿನ ಯಾವುದೋ ಮೂಲೆಯಲ್ಲಿ ಒಂದು ಇಲಿ ಕೆರೆಯುತ್ತಿತ್ತು. ಆ ಇಲಿಯ ಮಾತು ಹೊರಗೆ ಬಂದರೆ ಮೊದಲು ಕೇಳುವವನು ಷಡ್ಡಕ. ಮತ್ತೊಮ್ಮೆ ಆಕಾಶದಲ್ಲಿ ನೇತಾಡಲು ಮೆಟ್ಟಿಲಪ್ಪನಿಗೆ ಇಷ್ಟವಿರಲಿಲ್ಲ.

ಹೀಗೆ ಒಂದು ಸಂಸಾರ ನಾಲ್ಕು ಮಹಡಿಯ ಅಂತರದಲ್ಲಿ ನಡೆಯತೊಡಗಿತು. ಅವನು ಹಗ್ಗಕ್ಕೆ ಬುಟ್ಟಿ ಕಟ್ಟಿ ಕಿಟಕಿಯಿಂದ ಇಳಿಬಿಡುತ್ತಿದ್ದ. ಅದರಲ್ಲಿ ಮಾಸಿದ ಅಂಗಿ, ತೊಳೆಯಬೇಕಾದ ಡಬ್ಬಿ ಇಳಿಯುತ್ತಿತ್ತು, ಊಟ ಏರುತ್ತಿತ್ತು. ನಡುವಿನ ಮಹಡಿಯವರು ಬುಟ್ಟಿ ತಮ್ಮ ಕಿಟಕಿ ದಾಟುವಾಗ ಇಣುಕಿ, “ಇವತ್ತು ಬರೀ ಅನ್ನ ಸಾರು, ಕೋಪ ಇಳಿದಿಲ್ಲ” ಎಂದು ಒಬ್ಬರಿಗೊಬ್ಬರು ವರದಿ ಮಾಡುತ್ತಿದ್ದರು. ಒಂದು ಸಂಜೆ ಬುಟ್ಟಿ ಭಾರವಾಗಿ ಬಂತು. ಮೆಟ್ಟಿಲಪ್ಪ ಬಾಯಲ್ಲಿ ನೀರೂರಿಸಿಕೊಂಡು ಎಳೆದುಕೊಂಡ. ಒಳಗಿದ್ದುದು ಅವನ ಹಳೆಯ ಊಟದ ಡಬ್ಬಿ. ಮುಚ್ಚಳ ತೆಗೆಯಹೋದ, ಬರಲಿಲ್ಲ. ಮೊಣಕಾಲ ನಡುವೆ ಸಿಕ್ಕಿಸಿ ತಿರುಪಿದ, ಬರಲಿಲ್ಲ. ದೀಪದ ಬೆಳಕಿಗೆ ಹಿಡಿದು ನೋಡಿದರೆ ಮುಚ್ಚಳದ ಸುತ್ತ ಬೂದು ಬಣ್ಣದ ಗೆರೆ: ಒಳಗೆ ಉಳಿದಿದ್ದ ಗಾರೆಪುಡಿಗೆ ತೊಳೆಯುವ ನೀರು ತಾಗಿ, ಡಬ್ಬಿಯೂ ಮುಚ್ಚಳವೂ ಒಂದೇ ಕಲ್ಲಾಗಿತ್ತು.

ಅವನು ಇಂಗು ತಿಂದ ಮಂಗನಂತೆ ಕಿಟಕಿಗೆ ಬಂದ. ಕೆಳಗೆ ಅವಳು ಮೇಲೆ ನೋಡುತ್ತ ನಿಂತಿದ್ದಳು.

“ಡಬ್ಬಿ ತೆಗೆಯೋಕೆ ಬಂತಾ?” ಎಂದಳು.

“ಸ್ವಲ್ಪ ಬಿಗಿಯಾಗಿದೆ” ಎಂದ ಮೆಟ್ಟಿಲಪ್ಪ, ಮತ್ತೇನೂ ಅರ್ಥವಾಗದವನಂತೆ. ಆ ರಾತ್ರಿ ನೀರು ಕುಡಿದು ಮಲಗಿದ.

ಅತ್ತ ಸಂಘದ ಸಭೆ ಮೆಟ್ಟಿಲು ಕೀಳಿಸುವ ಮಾತಿಗೆ ಬಂದು ನಿಂತಿತು. ಮೆಟ್ಟಿಲಪ್ಪ ಎದ್ದು ನಿಂತು ಎದೆ ತಟ್ಟಿಕೊಂಡ. “ನನ್ನ ಮೆಟ್ಟಿಲನ್ನ ಕೀಳೋ ಮುಂಚೆ ಒಂದು ಸಲ ಭಾರ ಹಾಕಿ ಪರೀಕ್ಷೆ ಮಾಡೋಣ. ಮಿತಿ ಮೀರಿ ಬಗ್ಗಿದರೆ ನಾನೇ ಸುತ್ತಿಗೆ ತರ್ತೀನಿ. ಬಗ್ಗದಿದ್ದರೆ ಯಾರೂ ಉಸಿರೆತ್ತಬಾರದು!” ಮೆಟ್ಟಿಲು ಗಟ್ಟಿ ಎಂದು ಸಾಬೀತಾದರೆ ಹೆಂಡತಿಯ ಪ್ರಶ್ನೆಯೇ ಉದುರಿಹೋಗುತ್ತದೆ, ಬಾಯಿ ಬಿಡದೆಯೇ ಅವಳನ್ನು ಮೇಲೆ ಕರೆತರಬಹುದು ಎಂಬುದು ಅವನ ರಣತಂತ್ರ.

ಅಂಗಳದಲ್ಲಾದರೆ ಇಂಥ ಪರೀಕ್ಷೆಗೆ ಮರಳಿನ ಮೂಟೆ ಪೇರಿಸುತ್ತಾರೆ. ಇಲ್ಲಿ ಮೂಟೆ ಎಲ್ಲಿ? ಮೆಟ್ಟಿಲಪ್ಪ ನಿವಾಸಿಗಳನ್ನೇ ಕಣ್ಣಲ್ಲಿ ತೂಗಿದ. ರಜೆಯ ದಿನ ಎಲ್ಲರನ್ನೂ ನೆಲಮಟ್ಟದಿಂದ ಮೊದಲ ಮಹಡಿಗೆ ಏರುವ ಸಾಲಿನ ಕೆಳಗೆ ನಿಲ್ಲಿಸಿ, “ನೀವು ಒಂದು ಮೂಟೆ, ಆ ಕಡೆ. ನೀವು ಒಂದೂವರೆ, ನಡುವೆ. ತಾಯಿ, ನೀವು ಎರಡು…” ಎಂದು ಕೂರಿಸುತ್ತ ಬಂದ.

“ಯಾರ್ರೀ ಎರಡು? ನಾನು ಒಂದೂಕಾಲು!” ಎಂದು ಆಕೆ ತಿರುಗಿ ಬಿದ್ದರು.

“ಭಾರಕ್ಕೆ ಗೌರವ ಕೊಟ್ಟು ಹೇಳಿದೆ ತಾಯಿ, ಕೂತ್ಕೊಳ್ಳಿ.”

ಮದುವೆ ಮನೆಯ ಫೋಟೋಕ್ಕೆ ಕೂತಂತೆ ಕಟ್ಟಡವೆಲ್ಲ ಮೆಟ್ಟಿಲ ಮೇಲೆ ಒತ್ತೊತ್ತಾಗಿ ಕುಳಿತಿತು. ಅಧ್ಯಕ್ಷರು ತುದಿಯಲ್ಲಿ, ಬ್ಯಾಂಡ್ ಮಾಸ್ತರರು ಸೀಟಿ ಸಮೇತ ನಡುವೆ. ಮೆಟ್ಟಿಲ ಹೊಟ್ಟೆಯಡಿ ಮೆಟ್ಟಿಲಪ್ಪ ಒಂದು ಕಂಬ ನಿಲ್ಲಿಸಿ, ಅದರ ತುದಿಗೆ ಗಡಿಯಾರದಂಥ ಮಾಪಕ ಕಟ್ಟಿದ್ದ. ಮೆಟ್ಟಿಲು ಕೂದಲಷ್ಟು ಬಗ್ಗಿದರೂ ಅದರ ಮುಳ್ಳು ತಿರುಗಬೇಕು. ಅಂಗಳದಲ್ಲಿ ಇಷ್ಟೇ ಭಾರಕ್ಕೆ ಅದು ಚೆನ್ನಾಗಿಯೇ ತಿರುಗುತ್ತಿತ್ತು, ಅಷ್ಟು ಬಗ್ಗುವುದು ಮೆಟ್ಟಿಲಿನ ಹಕ್ಕು. ಅವನು ಉಸಿರು ಬಿಗಿಹಿಡಿದು ನೋಡಿದ. ಮುಳ್ಳು ನಿದ್ದೆ ಮಾಡುತ್ತಿತ್ತು. ಬೆರಳಿಂದ ಗಾಜು ತಟ್ಟಿದ. ಊಹೂಂ.

ಮೆಟ್ಟಿಲಪ್ಪ ಅಡಿಯಿಂದ ಹೊರಬಂದು ಎರಡೂ ಕೈ ಮೇಲೆತ್ತಿದ. “ಅಲ್ಲಾಡಲೇ ಇಲ್ಲ! ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ! ಇಂಥ ಮೆಟ್ಟಿಲು ಲೋಕದಲ್ಲೇ ಇಲ್ಲ!”

ಜನ ಚಪ್ಪಾಳೆ ತಟ್ಟಿದರು. ಬ್ಯಾಂಡ್ ಮಾಸ್ತರರು ಸೀಟಿ ಊದಿದರು. ಅಕ್ಕನ ಮನೆಯ ಬಾಗಿಲಲ್ಲಿ ಹೆಂಡತಿ ಕೈಕಟ್ಟಿ ನಿಂತಿದ್ದಳು. ಮೆಟ್ಟಿಲಪ್ಪ ಮೀಸೆ ತಿರುವುತ್ತ ಅವಳತ್ತ ಒಂದು ನೋಟ ಎಸೆದ. ಅದೇ ಹೊತ್ತಿಗೆ ಅವಳ ಹಿಂದಿನಿಂದ ಒಂದು ಧ್ವನಿ ಬಂತು.

“ಏನಂದ? ಅಲ್ಲಾಡಲೇ ಇಲ್ವಾ?”

ಷಡ್ಡಕ. ಕೈಯಲ್ಲಿ ಅರ್ಧ ಕುಡಿದ ಚಹಾದ ಲೋಟ. ಇಷ್ಟು ದಿನ ಮೆಟ್ಟಿಲು ನರಳಿದಾಗೆಲ್ಲ, ಎರೆದವನ ಪಾಪ ಎಂದು ಮಗ್ಗುಲು ಬದಲಿಸಿದವನು ಈಗ ಎದ್ದು ಬಂದಿದ್ದ. ನರಳುವ ಮೆಟ್ಟಿಲು ಅವನ ಚಿಂತೆಯಲ್ಲ. ಆದರೆ ಅವನು ಕೂರಿಸಿದ ಮೆಟ್ಟಿಲು ಅಲ್ಲಾಡುವುದಿಲ್ಲ ಎಂದರೆ ಅದು ಅವನಿಗೆ ಮಾಡಿದ ಅವಮಾನ. ಅವನು ನೆಟ್ಟಗೆ ಮೆಟ್ಟಿಲ ಬುಡಕ್ಕೆ ಬಂದು ಬಗ್ಗಿ, ಸಂದಿ ಇರಬೇಕಾದ ಜಾಗವನ್ನು ಬೆರಳಿಂದ ಸವರಿದ. ಸವರಿದ ಬೆರಳು ಬೀಸಣಿಗೆಯಂಥ ಗೀರಿನ ಮೇಲೆ ಒಂದು ಗಳಿಗೆ ನಿಂತಿತು. ಮೆಟ್ಟಿಲಪ್ಪನ ಕೈ ನಿಧಾನವಾಗಿ ಕೆಳಗಿಳಿಯಿತು.

“ಎಷ್ಟು ನುಣ್ಣಗೆ ಮುಚ್ಚಿದಾರೆ” ಎಂದ ಷಡ್ಡಕ, ಬೆಣ್ಣೆಯಂಥ ದನಿಯಲ್ಲಿ. “ಯಾರ ಕೆಲಸ ಇದು?”

ಒಳ್ಳೆಯ ಕೆಲಸವೊಂದು ಯಜಮಾನನಿಲ್ಲದೆ ನಿಂತಿರುವುದನ್ನು ಅಧ್ಯಕ್ಷರಿಂದ ನೋಡಲಾಗಲಿಲ್ಲ. “ನನ್ನ ಸೂಚನೆ ಮೇರೆಗೇ ಆದದ್ದು” ಎಂದರು. “ಸಂದಿ ಬಿಡಬಾರದು ಅಂತ ನಾನು ಮೊದಲಿಂದಲೂ ಹೇಳ್ತಾ ಬಂದಿದೀನಿ. ಹಲ್ಲಾಗಲಿ, ಮೆಟ್ಟಿಲಾಗಲಿ.”

“ಓಹೋ. ಹಾಗಾದರೆ ಎಲ್ಲರೂ ಸ್ವಲ್ಪ ಎದ್ದು ಈ ಕಡೆ ಬನ್ನಿ” ಎಂದು ಷಡ್ಡಕ ಕಿಟಕಿಯತ್ತ ನೋಡಿದ. “ಬಿಸಿಲು ಬರೋ ಹೊತ್ತು.”

ಜನ ಎದ್ದು ಇಳಿದರು. ಬಿಸಿಲು ಗಾಜಿನಿಂದ ಇಳಿದು ಮೆಟ್ಟಿಲ ಮೇಲೆ ಮೈಚೆಲ್ಲಿತು. ಎಲ್ಲರೂ ಕಾದರು. ‘ಊಂ…’ ಎಂದಿತು ಮೆಟ್ಟಿಲು. ‘ಕೀಂ…’ ‘ಟಕ್!’ ಈ ಸಲ ಟಕ್ ಎಂದದ್ದು ಬರಿಯ ಸದ್ದಲ್ಲ. ಮೆಟ್ಟಿಲು ಕೂತಿದ್ದ ನೆಲದ ಅಂಚಿನ ತುಟಿಯಿಂದ ಹಲ್ಲಿನಷ್ಟು ದೊಡ್ಡ ಚೂರೊಂದು ಸಿಡಿದು ಬಂದು ಹಲ್ಲಿನ ಡಾಕ್ಟರರ ಪಾದದ ಬಳಿಯೇ ಬಿತ್ತು.

ಷಡ್ಡಕ ಚಹಾ ಮುಗಿಸಿ ಲೋಟ ಕೆಳಗಿಟ್ಟ. “ಕೇಳಿ. ಈ ಮೆಟ್ಟಿಲು ಮೇಲಿನ ತುದೀಲಿ ಹಿಡ್ಕೊಂಡಿರುತ್ತೆ, ಕೆಳಗಿನ ತುದೀಲಿ ಸುಮ್ಮನೆ ಕೂತಿರುತ್ತೆ. ಬಿಸಿಲಿಗೆ ಉದ್ದ ಆಗುತ್ತೆ, ತಂಪಿಗೆ ಕುಗ್ಗುತ್ತೆ, ಕಟ್ಟಡ ಒಂಚೂರು ವಾಲಿದರೆ ಜೊತೆಗೆ ಜಾರುತ್ತೆ. ಅದಕ್ಕೆ ಕಾಲು ಚಾಚೋಕೆ ಜಾಗ ಬೇಕು ಅಂತಲೇ ನಾನು ಸಂದಿ ಬಿಟ್ಟು, ರಬ್ಬರ್ ಪಟ್ಟಿ ಇಟ್ಟಿದ್ದು. ಯಾರೋ ಪುಣ್ಯಾತ್ಮ ಅದಕ್ಕೆ ಕಲ್ಲು ತುಂಬಿದಾನೆ. ಎರಡೂ ತುದಿ ಸಿಕ್ಕಿಹಾಕ್ಕೊಂಡು ಅದು ಈಗ ಮೆಟ್ಟಿಲಲ್ಲ, ಎರಡು ಮಹಡಿ ನಡುವೆ ತುರುಕಿದ ಊರುಗೋಲು. ಅದಕ್ಕೇ ಬಗ್ಗಲಿಲ್ಲ. ಅದಕ್ಕೇ ನರಳ್ತಿರೋದು. ಹೀಗೇ ಬಿಟ್ಟರೆ ಒಂದಿನ ಈ ತುಟಿ ಪೂರ್ತಿ ಒಡೆಯುತ್ತೆ.”

ಇಡೀ ಕಟ್ಟಡ ಒಮ್ಮೆಲೇ ಅಧ್ಯಕ್ಷರ ಕಡೆ ತಿರುಗಿತು. ಒಂದೂಕಾಲು ಮೂಟೆಯ ತಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿದರು. “ನಾನು ಸೂಚನೆ ಅಂದರೆ… ಒಟ್ಟಾರೆ ಸೂಚನೆ…” ಎಂದು ಅಧ್ಯಕ್ಷರು ತಡವರಿಸಿದರು. ಅವರ ಬಾಯಿಂದ ಹಲ್ಲು ಕೀಳುವುದಕ್ಕಿಂತ ಕಷ್ಟಪಟ್ಟು ಒಂದೊಂದೇ ಅಕ್ಷರ ಹೊರಬಂತು.

ಮೆಟ್ಟಿಲಪ್ಪ ಪಾರಾಗಿದ್ದ! ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು. ಅಪರಾಧ ಇನ್ನೊಬ್ಬರ ಕೊರಳಿಗೆ ತಾನಾಗಿ ಹೋಗಿ ಬಿದ್ದಿತ್ತು. ಅವನು ಬಾಗಿಲ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟ. ನೋಡಿದ. ಹೆಂಡತಿ ಅಧ್ಯಕ್ಷರನ್ನು ನೋಡುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದಳು. ಅವನು ಕಣ್ಣು ತಪ್ಪಿಸಿ ಮಾಪಕ ಬಿಚ್ಚುವ ನಾಟಕ ಮಾಡಿದ.

ಷಡ್ಡಕನಿಗೆ ಆ ಕೈ ಗೊತ್ತಿರಲಿಲ್ಲವೇ? ಮೂವತ್ತು ವರ್ಷ ಆ ಬೀಸಿರುವ ಹೊಟ್ಟೆಗಳನ್ನೇ ಕ್ರೇನಿಗೆ ಸಿಕ್ಕಿಸಿದವನು. ಒಂದು ಮಾತಲ್ಲಿ ಹೇಳಿಬಿಡಬಹುದಿತ್ತು. ಆದರೆ ಮೀನು ತಾನಾಗಿ ದಡಕ್ಕೆ ಹಾರುವುದನ್ನು ನೋಡುವ ಸುಖವೇ ಬೇರೆ.

“ಪಾಪ, ಅಧ್ಯಕ್ಷರನ್ನ ಬೈದೇನು ಪ್ರಯೋಜನ” ಎಂದ ಅವನು. “ಅವರು ಯಾರೋ ಕೈ ಬರದ ಎಳಸು ಕೆಲಸದವನನ್ನ ಹಿಡಿದು ಮಾಡಿಸಿದಾರೆ. ಕರಣೆ ಹಿಡಿಯೋಕೂ ಬರಲ್ಲ ಅವನಿಗೆ. ನೋಡಿ ಇಲ್ಲಿ, ಕೊನೆಗೆ ಏನೋ ಗೀಚಿದಾನೆ, ಕೋತಿ ಬಾಲ ಎಳೆದ ಹಾಗೆ.”

ಮಾಪಕ ಮೆಟ್ಟಿಲಪ್ಪನ ಕೈಯಿಂದ ಜಾರಿತು.

“ಕೋತಿ ಬಾಲನಾ?”

“ಕೋತಿ ಅಂದ್ರೆ ಕೋತಿಗೂ ಬೇಜಾರಾಗುತ್ತೆ. ಹೆಗ್ಗಣದ್ದಿರಬಹುದು.”

“ಏಯ್!” ಎಂದು ಮೆಟ್ಟಿಲಪ್ಪ ಮೆಟ್ಟಿಲ ಬುಡಕ್ಕೆ ನುಗ್ಗಿ ಬಂದ. ಎಷ್ಟೋ ವರ್ಷಗಳ ಮೇಲೆ ಷಡ್ಡಕನ ಮುಖಕ್ಕೆ ಮುಖ ಕೊಟ್ಟು ಆಡಿದ ಮೊದಲ ಮಾತು ಅದು. “ಆ ಬೀಸು ಎಳೆಯೋಕೆ ನಮ್ಮ ಅಂಗಳದಲ್ಲಿ ಇನ್ನೊಬ್ಬ ಹುಟ್ಟಿ ಬರಬೇಕು! ಹಲ್ಲು ಕೀಳೋ ಕೈಗೆ ಬರುತ್ತಾ ಅದು? ಕ್ರೇನಿನ ಕೋಲು ಎಳೆಯೋ ಕೈಗೆ ಬರುತ್ತಾ? ಮೂವತ್ತು ವರ್ಷದ ಕೈ ಅದು! ನನ್ನ ಕೈ! ನಾನು ಮುಚ್ಚಿದ್ದು! ಎಲ್ಲಾ ಮಹಡೀದೂ ನಾನೇ ಮುಚ್ಚಿದ್ದು!”

ಮೇಲೆಲ್ಲೋ ಮೂರನೇ ಮಹಡಿ ತಡವಾಗಿ ‘ಟಕ್’ ಎಂದಿತು. ಆಗಷ್ಟೇ ಮೆಟ್ಟಿಲಪ್ಪನಿಗೆ ತಾನು ಆಡಿದ್ದೇನೆಂದು ಕೇಳಿಸಿತು.

ಅಧ್ಯಕ್ಷರು ಜೇಬಿನಿಂದ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಷಡ್ಡಕ ಚಾವಣಿಯನ್ನು ನೋಡುತ್ತ ಗಂಭೀರವಾಗಿ ನಿಂತ. ಅವನ ಹೊಟ್ಟೆ ಮಾತ್ರ ಕುಣಿಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಅಂತೂ ಬಾಯಿಗೆ ಬಂತು” ಎಂದಳು.

“ಅಲ್ಲ ಕಣೆ, ನೀನೇ ತಾನೆ ಹಲ್ಲು ಸಂದಿ ಅಂದಿದ್ದು…”

“ಸಂದಿ ಅಂದೆ. ಮುಚ್ಚಿ ಅಂದ್ನಾ?”

ಮೆಟ್ಟಿಲಪ್ಪ ಹೋಗಿ ಉಳಿ, ಸುತ್ತಿಗೆ ತಂದ.

ಆ ಗಾರೆ ಅವನು ಕೊಚ್ಚಿಕೊಂಡಷ್ಟೇ ಗಟ್ಟಿಯಾಗಿತ್ತು, ಅದು ಅವನ ಗ್ರಹಚಾರ. ಬೇರೆ ಯಾರಿಗೂ ಮುಟ್ಟಲು ಬಿಡದೆ, ಕೆಳಗಿನ ಸಾಲಿನಿಂದ ಶುರುಮಾಡಿ, ಹೊಟ್ಟೆಯ ಮೇಲೆ ಮಲಗಿ, ಮಗ್ಗುಲಾಗಿ, ಕುಕ್ಕರಗಾಲಲ್ಲಿ, ಒಂದೊಂದೇ ಸಂದಿಯನ್ನು ಬಿಡಿಸುತ್ತ ಹೋದ. ತನ್ನದೇ ಬೀಸಿನ ಮೇಲೆ ಉಳಿ ಇಡುವಾಗ ಪ್ರತಿ ಸಲವೂ ಕಣ್ಣು ಮುಚ್ಚಿಕೊಂಡ. ಷಡ್ಡಕ ಹೊಸ ರಬ್ಬರ್ ಪಟ್ಟಿಗಳ ಸುರುಳಿ ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲೇ ಕುಳಿತು ಉಸ್ತುವಾರಿ ನೋಡಿದ.

“ಆಳ ಸಾಲದು. ಇನ್ನೂ ತೆಗಿ.”

“ನನಗೆ ಹೇಳಿಕೊಡಬೇಡ. ಮೂಟೆ ಇಳಿಸೋನು.”

“ಎಡಚ ಮೆಟ್ಟಿಲು ಎರೆದೋನು ನೀನು ತಾನೆ?”

“ಅದನ್ನ ಇಳಿಸದೆ ಊಟಕ್ಕೆ ಹೋದೋನು ನೀನು ತಾನೆ?”

ಹೀಗೆ ಇಷ್ಟು ವರ್ಷ ಹೆಂಡತಿಯರ ಮೂಲಕ ಹೋಗಿಬರುತ್ತಿದ್ದ ಬೈಗುಳಗಳು ದಲ್ಲಾಳಿಯಿಲ್ಲದೆ ನೇರವಾಗಿ ತಲುಪತೊಡಗಿದವು. ಮೊದಲ ಸಾಲು ಬಿಡುಗಡೆಯಾದಾಗ ಮೆಟ್ಟಿಲು ನಿಟ್ಟುಸಿರಿನಂತೆ ಒಂದು ಸದ್ದು ಮಾಡಿ ಸುಮ್ಮನಾಯಿತು. ಹೆಂಡತಿ ಕುರ್ಚಿ ಹಿಡಿದುಕೊಂಡು ಮೊದಲ ಮಹಡಿಗೆ ಹತ್ತಿ ಕುಳಿತಳು. ಎರಡನೆಯದು ಮುಗಿದಾಗ ಎರಡನೇ ಮಹಡಿಗೆ. ಹೀಗೆ ಒಂದೊಂದೇ ಮಹಡಿ ಗೆದ್ದುಕೊಳ್ಳುತ್ತ, ನಡುವೆ ಚಹಾ ತರಿಸುತ್ತ, ಗಂಡನ ಬೆನ್ನ ಹಿಂದೆ ಮಹಾರಾಣಿಯಂತೆ ಏರಿ ಬಂದಳು. ಬ್ಯಾಂಡ್ ಮಾಸ್ತರರು ತಾಳ ತಪ್ಪಿಸುವ ಉದ್ಯೋಗ ಹೋಯಿತೆಂದು ಖುಷಿಯಿಂದ ಸೀಟಿಯನ್ನು ಕಿಟಕಿಯಾಚೆ ಎಸೆದರು.

ಕೊನೆಯ ಸಾಲೂ ಬಿಡುಗಡೆಯಾಗುವ ವೇಳೆಗೆ ಮೆಟ್ಟಿಲಪ್ಪನ ಮೈಯೆಲ್ಲ ಬೂದಿ ಬಳಿದಂತಾಗಿತ್ತು. ಷಡ್ಡಕ ಮೊದಲ ಬಾರಿಗೆ ನಾಲ್ಕನೇ ಮಹಡಿಯ ಹೊಸ್ತಿಲಲ್ಲಿ ನಿಂತು, ಏದುಸಿರು ಬಿಡುತ್ತ, ತಾನು ಹತ್ತಿ ಬಂದ ದಾರಿಯನ್ನು ಬಗ್ಗಿ ನೋಡಿದ.

“ಮೆಟ್ಟಿಲು ಪರವಾಗಿಲ್ಲ” ಎಂದ.

ಈ ಮಾತನ್ನು ಮೆಟ್ಟಿಲಪ್ಪ ಆಮೇಲೆ ಕಟ್ಟಡದಲ್ಲಿ ಎಷ್ಟು ಜನರಿಗೆ ಹೇಳಿದನೆಂದರೆ, ಕೊನೆಗೆ ಷಡ್ಡಕನೇ ಬಂದು, ತಾನು ಹಾಗೆ ಅಂದೇ ಇಲ್ಲವೆಂದು ಮನೆಮನೆಗೂ ಹೇಳಿ ಹೋಗಬೇಕಾಯಿತು.

ಹೆಂಡತಿ ಹೊಸ್ತಿಲು ದಾಟುವ ಮುನ್ನ ಕೊನೆಯ ಮೆಟ್ಟಿಲ ಮೇಲೆ ನಿಂತು ಮೆಲ್ಲಗೆ ಕುಪ್ಪಳಿಸಿದಳು. ಪಾದದಡಿ ಅದು ಒಂದಿಷ್ಟೇ ಮಿಡಿಯಿತು.

“ರೀ, ಈಗ ಅಲ್ಲಾಡ್ತಿದೆ.”

“ಅಲ್ಲಾಡಬೇಕು ಕಣೆ” ಎಂದ ಮೆಟ್ಟಿಲಪ್ಪ, ಹುಟ್ಟಿದಾಗಿನಿಂದ ಇದನ್ನೇ ಹೇಳಿಕೊಂಡು ಬಂದವನ ಹಾಗೆ.

ಮುಂದಿನ ರಜೆಯ ಬೆಳಿಗ್ಗೆ ಅವಳು ಮೆಟ್ಟಿಲು ಗುಡಿಸಲು ಇಳಿದಳು. ಮೂರನೇ ಮಹಡಿಯಲ್ಲಿ ಪೊರಕೆ ನಿಂತಿತು. ಒಳಗೆ ಕುಳಿತಿದ್ದ ಮೆಟ್ಟಿಲಪ್ಪನ ಕಿವಿ ನೆಟ್ಟಗಾಯಿತು. ಕಡ್ಡಿಯೊಂದು ‘ಪಟ್’ ಎಂದು ಮುರಿದದ್ದು ಕೇಳಿಸಿತು. ಅವನ ಬಲಗೈ ಮಣಿಕಟ್ಟು ತಾನಾಗಿ ಒಂದು ಸಲ ತಿರುಗಿತು. ಅದನ್ನು ಎಡಗೈಯಿಂದ ಹಿಡಿದುಕೊಂಡು ಕುಳಿತ.

ಕೆಲಸಕ್ಕೆ ಅವನು ಈಗಲೂ ಊಟ ಕಟ್ಟಿಸಿಕೊಂಡೇ ಹೋಗುತ್ತಾನೆ. ಆದರೆ ಹೆಂಡತಿ ಕೊಡುವ ಹೊಸ ಡಬ್ಬಿಗೆ ಮುಚ್ಚಳವಿಲ್ಲ. ಬಾಯಿಗೆ ಒಂದು ತೆಳ್ಳನೆಯ ಬಟ್ಟೆ ಕಟ್ಟಿರುತ್ತಾಳೆ, ಅದೂ ಸ್ವಲ್ಪ ಸಡಿಲವಾಗಿ.